ಲಾರಿಯವರ ಫ್ರಿಜ್ಜು

ಸಿಸಿಲಿಯಾ ಅತ್ತೆಯ ಮನೆಯಿಂದ ಫ್ರಿಜ್ಜು ಎತ್ತಿಕೊಂಡು ಬರಬೇಕು ಎಂದು ಗ್ರಾಂಟ್ ಹೇಳಿದಾಗ ಲೆಸಿಯೆಲಿ ಹಳದಿ ಲಾರಿಯ ಹಿಂಬಾಗಿಲಲ್ಲಿ ಹಾಸಿಗೆಯೊಂದನ್ನು ಬೆನ್ನ ಮೇಲೆ ಹೊತ್ತು ನಿಂತಿದ್ದಳು. ಕೆಳಗಿಳಿಸಲಿಲ್ಲ. ಹೊತ್ತುಕೊಂಡೇ ಕೇಳಿದಳು.

“ಯಾರ ಮನೆಯಿಂದ?”

“ಅದೇ, ಮೂಲೆ ಮನೆ ಮುದುಕಿ. ನಿಮ್ಮ ಜನಾನೇ ಅಲ್ವಾ? ಎಷ್ಟು ವಾರದಿಂದ ಕಂತು ಬಂದಿಲ್ಲ ನೋಡು.”

“ಬೇರೆ ಯಾರನ್ನಾದ್ರೂ ಕಳಿಸಿ.”

“ಬೇರೆಯವರು ಹೋದ್ರೆ ಬಾಗಿಲು ತೆಗೆಯಲ್ಲ, ಲೆಸ್. ನೀನು ಹೋದ್ರೆ ತೆಗೀತಾಳೆ. ಅದಕ್ಕೇ ತಾನೆ ನಿನ್ನ ಇಟ್ಕೊಂಡಿರೋದು?”

ಗ್ರಾಂಟ್ ನಗುತ್ತಲೇ ಹೇಳಿದ. ಅವನು ಬೈಯುವ ಮಾಲೀಕನಲ್ಲ. ಹೆಗಲ ಮೇಲೆ ಕೈಯಿಟ್ಟು ಮಾತಾಡುತ್ತಾನೆ. ಕ್ರಿಸ್‌ಮಸ್ಸಿಗೆ ಹಂದಿಯ ತೊಡೆ ಕೊಡುತ್ತಾನೆ. ಲೆಸಿಯೆಲಿ ಎಂಬ ಹೆಸರು ಅವನ ನಾಲಗೆಯಲ್ಲಿ ಹೊರಳುವುದಿಲ್ಲ, ಅದಕ್ಕೇ ಕತ್ತರಿಸಿ ಲೆಸ್ ಮಾಡಿಕೊಂಡಿದ್ದಾನೆ. ಬೈಯುವವನಿಗಾದರೆ ತಿರುಗಿ ಬೈಯಬಹುದು. ನಗುವವನಿಗೆ ಏನು ಮಾಡುವುದು?

ಸಿಸಿಲಿಯಾ ಅವಳಿಗೆ ಬರೀ ಮೂಲೆ ಮನೆ ಮುದುಕಿಯಲ್ಲ. ಅಪ್ಪನ ಅಕ್ಕ. ನಮ್ಮ ಟೊಂಗಾ ದ್ವೀಪದವರಲ್ಲಿ ಅಪ್ಪನ ಅಕ್ಕ ಅಂದರೆ ಅಪ್ಪನಿಗಿಂತ ದೊಡ್ಡವಳು. ಮದುವೆಯಲ್ಲಿ ಉಡುಗೊರೆಯ ಮೊದಲ ಚಾಪೆ ಅವಳಿಗೆ. ಸಾವಿನಲ್ಲಿ ಹೆಣದ ತಲೆಯ ಬಳಿ ಕೂರುವ ಜಾಗ ಅವಳಿಗೆ. ಅವಳು ಕೂತಿರುವಾಗ ತಮ್ಮನ ಮಕ್ಕಳು ಎದುರು ನೆಟ್ಟಗೆ ನಡೆಯುವುದಿಲ್ಲ, ಬಗ್ಗಿ ಹೋಗುತ್ತಾರೆ. ಕೇಳದೆ ಅವಳ ಮನೆಯ ಒಂದು ಲೋಟವನ್ನೂ ಎತ್ತುವುದಿಲ್ಲ. ಆ ಮನೆಯಿಂದ ಫ್ರಿಜ್ಜು ಎತ್ತಬೇಕಂತೆ.

ಲೆಸಿಯೆಲಿ ಈ ಲಾರಿಗೆ ಬಂದದ್ದಾದರೂ ಹೇಗೆ? ಅವಳು ಮೊದಲು ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿದ್ದಳು. ರಕ್ತ, ಕೀವು, ಹೇಲು ಹತ್ತಿದ ಹಾಸುಬಟ್ಟೆಗಳನ್ನು ಕೈಯಲ್ಲಿ ಆರಿಸಿ ಬೇರೆ ಬೇರೆ ಗಾಡಿಗೆ ಹಾಕುವ ಕೆಲಸ. ಕೈಗವಸು ಹರಿದರೆ ಹೊಸದು ಕೇಳಬೇಕು. ಕೇಳಿದರೆ ಮುಖ ಸಿಂಡರಿಸುತ್ತಾರೆ. ಒದ್ದೆ ಬಟ್ಟೆ ಸತ್ತ ದನದಷ್ಟು ಭಾರ. ಅವಳ ಬೆನ್ನು ಹೋದದ್ದು ಅಲ್ಲೇ. ಆಮೇಲೆ ಕಾರ್ಖಾನೆ ಬೇರೆಯವರ ಕೈಗೆ ಹೋಯಿತು. ಹೊಸಬರು ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಅರ್ಧ ಜನರನ್ನು ಮನೆಗೆ ಕಳಿಸಿದರು. ಸೊಂಟ ಹಿಡಿದು ನಿಂತವರೆಲ್ಲ ಆ ಅರ್ಧದಲ್ಲಿ ಬಂದರು. ಗಂಡ ಮೊಸೆಸೆ ಆಸ್ಟ್ರೇಲಿಯಾದಲ್ಲಿ ಕೋಳಿ ಕಡಿಯುವ ಕಾರ್ಖಾನೆಯಲ್ಲಿದ್ದ. ಅಲ್ಲಿ ಹೆಚ್ಚು ಕೆಲಸ ಸಿಕ್ಕ ವಾರ ದುಡ್ಡು ಬರುತ್ತಿತ್ತು, ಸಿಗದ ವಾರ ಬರೀ ಫೋನು ಬರುತ್ತಿತ್ತು.

ಸಾಲ ಶುರುವಾದದ್ದು ಆ ಕೆಲಸ ಇದ್ದಾಗಲೇ, ಶಾಲೆ ತೆರೆಯುವ ಕಾಲದಲ್ಲಿ. ಹೆಣ್ಣುಮಕ್ಕಳಿಬ್ಬರಿಗೂ ಸಮವಸ್ತ್ರ ಬೇಕು, ಕಪ್ಪು ಶೂ ಬೇಕು. ಇಲ್ಲದೆ ಬಂದರೆ ಗೇಟಿನಿಂದಲೇ ವಾಪಸ್ಸು ಎಂದು ಶಾಲೆಯವರು ಹೇಳಿಬಿಟ್ಟಿದ್ದರು. ಬೀದಿಯ ತುದಿಯಲ್ಲಿ ಹಳದಿ ಲಾರಿ ನಿಂತಿತ್ತು.

ಟೊಂಗಾ, ಸಮೋವಾ ದ್ವೀಪಗಳಿಂದ ವಲಸೆ ಬಂದವರೇ ತುಂಬಿರುವ ನಮ್ಮ ಮಾಂಗೆರೆಯ ಬೀದಿಗಳಲ್ಲಿ ಇಂಥ ಲಾರಿಗಳು ಐಸ್‌ಕ್ರೀಮ್ ಗಾಡಿಗಿಂತ ಹೆಚ್ಚು. ಒಳಗೆ ಒಂದು ಅಂಗಡಿಯೇ ಇರುತ್ತದೆ. ಟಿವಿ, ಫೋನು, ಕಂಬಳಿ, ಬಾಣಲೆ, ಮಕ್ಕಳ ಶೂ, ಸೆಂಟಿನ ಬಾಟಲಿ. ಬೆಲೆ ಬರೆದಿರುವುದಿಲ್ಲ. ವಾರಕ್ಕೆ ಎಷ್ಟು ಅನ್ನುವುದನ್ನಷ್ಟೇ ದಪ್ಪಗೆ ಬರೆದಿರುತ್ತಾರೆ. ಇದೇ ಸಾಮಾನು ಪೇಟೆಯಲ್ಲಿ ಅರ್ಧಕ್ಕೆ ಸಿಗುತ್ತದೆ. ಅದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಯಾಕೆ ಕೊಳ್ಳುತ್ತೀರಿ ಎಂದು ಆಗಾಗ ಪತ್ರಿಕೆಯವರು ಬಂದು ಕೇಳುತ್ತಾರೆ. ಪೇಟೆಯ ಅಂಗಡಿಯಲ್ಲಿ ಕಾವಲಿನವನು ನಮ್ಮ ಹಿಂದೆಯೇ ಬರುತ್ತಾನೆ. ಕಂತಿನ ಮೇಲೆ ಕೊಡಿ ಎಂದರೆ ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿ, ಹಿಂದೆ ನಿಂತವರಿಗೆಲ್ಲ ಕೇಳಿಸುವ ಹಾಗೆ ಆಗಲ್ಲ ಅನ್ನುತ್ತಾಳೆ. ಲಾರಿಯವನು ಮನೆ ಬಾಗಿಲಿಗೆ ಬರುತ್ತಾನೆ. ಮಕ್ಕಳಿಗೆ ಮಿಠಾಯಿ ಕೊಡುತ್ತಾನೆ. ಹುಟ್ಟಿದಾಗಿನಿಂದ ಆಗಲ್ಲ ಅನ್ನಿಸಿಕೊಂಡವರಿಗೆ ಆಗುತ್ತೆ ಅನ್ನುತ್ತಾನೆ.

ಲೆಸಿಯೆಲಿ ಶೂ ಕೊಂಡಳು, ಸಮವಸ್ತ್ರ ಕೊಂಡಳು. ಕಂತು ವಾರವಾರ ಅವಳ ಬ್ಯಾಂಕಿನ ಖಾತೆಯಿಂದ ತಾನಾಗಿಯೇ ಕಡಿತವಾಗತೊಡಗಿತು. ಶೂಗಳ ಸಾಲ ತೀರಿತು, ಕಡಿತ ನಿಲ್ಲಲಿಲ್ಲ. ಕೇಳಿದರೆ, ಹೆಚ್ಚಾಗಿ ಬಂದಿರುವ ದುಡ್ಡು ವಾಪಸ್ ಕೊಡುವುದಿಲ್ಲ, ಲಾರಿಯಿಂದ ಬೇರೇನಾದರೂ ತಗೋ ಅಂದರು. ಕಂಬಳಿ ತೆಗೆದುಕೊಂಡಳು. ಆಮೇಲೆ ಗಂಡನ ಜೊತೆ ಮಾತಾಡಲು ಫೋನು. ಒಂದು ತೀರುವ ಮೊದಲೇ ಇನ್ನೊಂದು. ಕಾರ್ಖಾನೆಯ ಸಂಬಳ ನಿಂತ ಮೇಲೆ ಗ್ರಾಂಟ್ ಅವಳ ಮೆಟ್ಟಿಲ ಮೇಲೆ ಬಂದು ಕೂತ.

“ಹೆದರಬೇಡ. ನಿನಗೆ ಟೊಂಗಾ ಮಾತು ಬರುತ್ತೆ. ಚರ್ಚಿನಲ್ಲಿ ಎಲ್ರೂ ನಿನಗೆ ಗೊತ್ತು. ಲಾರಿಗೆ ಬಂದ್ಬಿಡು. ಸಂಬಳದಲ್ಲಿ ಅರ್ಧ ಸಾಲಕ್ಕೆ ಹಿಡ್ಕೋತೀನಿ, ಅರ್ಧ ಕೈಗೆ. ಎಲ್ಲ ಸರಿಹೋಗುತ್ತೆ.”

ಹಾಗೆ ಅವಳು ಲಾರಿಯ ಬಾಯಾದಳು. ಡ್ರೈವರ್ ತಾಮಾತಿ ಈ ನಾಡಿನ ಮೂಲನಿವಾಸಿಗಳಾದ ಮಾವೊರಿ ಜನದವನು. ಒಳ್ಳೆಯ ಮನುಷ್ಯ, ಮಂಡಿ ಸವೆದಿತ್ತು. ಅವನು ಒಂದು ತುದಿ ಹಿಡಿದರೆ ಇವಳು ಇನ್ನೊಂದು ತುದಿ ಹಿಡಿಯಬೇಕು. ಬಟ್ಟೆ ಒಗೆಯುವ ಯಂತ್ರ, ಮಂಚ, ಟಿವಿ. ಪಟ್ಟಿ ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತಬೇಕು. ಕೊಟ್ಟ ಮನೆಗೇ ಕೆಲವು ತಿಂಗಳ ಮೇಲೆ ಹೋಗಿ ಅದನ್ನೇ ಇಳಿಸಿಕೊಂಡು ಬರಬೇಕು. ಕೊಡುವಾಗ ಮನೆಯವರು ಟೀ ಕೊಡುತ್ತಿದ್ದರು. ಇಳಿಸುವಾಗ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು.

ಒಂದು ಸಲ ಚರ್ಚಿನ ಹಿರಿಯನೊಬ್ಬ ತೀರಿಕೊಂಡ. ಇವತ್ತು ಬೇಗ ಬಿಡಿ, ಸಾವಿಗೆ ಹೋಗಬೇಕು ಎಂದು ಲೆಸಿಯೆಲಿ ಕೇಳಿದಳು. ಗ್ರಾಂಟ್ ಕೂಡಲೇ ಬಿಟ್ಟ. ಸಾವಿನ ಮನೆ ಯಾವ ಬೀದಿ ಎಂದು ಮಾತ್ರ ಕೇಳಿದ. ಅವಳು ಅಲ್ಲಿ ಹೋಗುವಷ್ಟರಲ್ಲಿ ಹಳದಿ ಲಾರಿ ಆ ಬೀದಿಯಲ್ಲಿ ನಿಂತಿತ್ತು. ಸಾವಿಗೆ ಬರಿಗೈಯಲ್ಲಿ ಹೋಗುವ ಜನ ನಾವಲ್ಲ. ಚಾಪೆ ಇಲ್ಲದವರು ಕಂಬಳಿಯನ್ನಾದರೂ ಒಯ್ಯಬೇಕು. ಲಾರಿಯ ಕಂಬಳಿಗಳೆಲ್ಲ ಖಾಲಿಯಾದವು. ಬೀದಿಯವರು ಅಂದಿನಿಂದ ಅವಳಿಗೆ ಹೆಸರಿಟ್ಟರು. ಲಾರಿಯಮ್ಮ.

“ಯಾರು ಸತ್ರೂ ಮೊದಲು ಲಾರಿಯಮ್ಮಂಗೆ ಹೇಳ್ರಪ್ಪ,” ಎಂದು ಎದುರುಮನೆಯ ಫೆತೂ ಎಲ್ಲರೆದುರು ಅಂದಳು. ಫೆತೂ ಸಮೋವಾದವಳು, ಬಾಯಿ ಜೋರು. “ಹೆಣಕ್ಕೂ ಕಂತು ಹಾಕಿಕೊಡ್ತಾಳೆ.”

ಜನ ನಕ್ಕರು. ಲೆಸಿಯೆಲಿಯೂ ನಕ್ಕಳು. ನಗದೆ ಬೇರೆ ದಾರಿ ಇರಲಿಲ್ಲ. ಮನೆಗೆ ಹೋಗಿ ಬಚ್ಚಲಿನಲ್ಲಿ ನೀರು ಬಿಟ್ಟುಕೊಂಡು ಅತ್ತಳು.

ಸಿಸಿಲಿಯಾ ಅತ್ತೆ ಮಾತ್ರ ಆ ಹೆಸರಿನಿಂದ ಕರೆಯಲಿಲ್ಲ. ಅತ್ತೆ ಮೂವತ್ತು ವರ್ಷ ನಗರದ ಆಫೀಸುಗಳ ನೆಲ ಒರೆಸಿದವಳು. ಸಕ್ಕರೆ ಕಾಯಿಲೆ, ಪಾದಗಳಿಗೆ ಸದಾ ಬಟ್ಟೆ ಸುತ್ತಿರುತ್ತಿತ್ತು. ಅವಳ ಹಳೆಯ ಫ್ರಿಜ್ಜು ಸೋರುತ್ತಿತ್ತು. ಒಂದು ದಿನ ಲಾರಿಗೆ ತಾನೇ ಕೋಲೂರಿಕೊಂಡು ಬಂದು ದೊಡ್ಡ ಫ್ರಿಜ್ಜಿನ ಮುಂದೆ ನಿಂತಳು. ಎರಡು ಬಾಗಿಲು. ಬಾಗಿಲಲ್ಲೇ ಒಂದು ಸಂದು, ಲೋಟ ಒತ್ತಿದರೆ ಮಂಜುಗಡ್ಡೆ ಬೀಳುತ್ತದೆ.

“ಸಣ್ಣದು ಸಾಕು ಅತ್ತೆ ನಿಮಗೆ,” ಎಂದಳು ಲೆಸಿಯೆಲಿ, ಗ್ರಾಂಟ್‌ಗೆ ಕೇಳದ ಹಾಗೆ.

“ನಾನು ಒರೆಸ್ತಿದ್ದ ಆಫೀಸಲ್ಲಿ ಇಂಥದ್ದು ಇತ್ತು. ನಮಗೆ ಅದನ್ನ ಒರೆಸೋಕೆ ಬಿಡ್ತಿದ್ರು, ಮುಟ್ಟೋಕೆ ಬಿಡ್ತಿರಲಿಲ್ಲ. ನಲ್ಲಿ ನೀರು ಕುಡೀರಿ ಅಂತಿದ್ರು.” ಅತ್ತೆ ಬೆರಳಿನಿಂದ ಆ ಸಂದನ್ನು ಮುಟ್ಟಿದಳು. “ಸಾಯೋದ್ರೊಳಗೆ ಒಂದಿಷ್ಟು ತಣ್ಣೀರು ಕುಡೀತೀನಿ ಬಿಡು.”

ಬಡವರು ಬೇಕಾದ್ದನ್ನು ಮಾತ್ರ ಬಯಸಬೇಕು, ಬೇಡದ್ದನ್ನು ಬಯಸಬಾರದು ಎಂದು ಉಪದೇಶ ಮಾಡುವವರು ಬಹಳ ಜನ ಇದ್ದಾರೆ. ಅವರ ಮನೆಯ ಫ್ರಿಜ್ಜಿನಿಂದ ಮಂಜುಗಡ್ಡೆ ಬೀಳುತ್ತದೆ. ಲೆಸಿಯೆಲಿಗೆ ಬೇಡ ಅನ್ನಲು ಬಾಯಿ ಬರಲಿಲ್ಲ. ಕಾಗದಕ್ಕೆ ಅತ್ತೆಯ ಸಹಿ ಹಾಕಿಸಿದಳು. ಕಂತು ಹಿಡಿಯುವ ದಿನ ಯಾವುದು ಬರೆಯಲಿ ಎಂದು ಗ್ರಾಂಟ್‌ನನ್ನು ಕೇಳಿ, ಅವನು ಹೇಳಿದ ದಿನವನ್ನೇ ಬರೆದಳು. ಫ್ರಿಜ್ಜು ಬಂದ ಸಂಜೆ ಬೀದಿಯ ಮಕ್ಕಳೆಲ್ಲ ಲೋಟ ಹಿಡಿದು ಅತ್ತೆಯ ಮನೆಯೊಳಗೆ ನುಗ್ಗಿದ್ದರು. ಅತ್ತೆ ರಾಣಿಯ ಹಾಗೆ ಕೂತು ಒಬ್ಬೊಬ್ಬರಿಗೂ ಮಂಜುಗಡ್ಡೆ ಕೊಡಿಸಿದಳು.

ಈಗ ಆ ಫ್ರಿಜ್ಜು ಬೇಕಂತೆ.

“ಅತ್ತೆ ದುಡ್ಡು ತಪ್ಪಿಸೋರಲ್ಲ,” ಎಂದಳು ಲೆಸಿಯೆಲಿ, ಗ್ರಾಂಟ್ ಕಾರಿನ ಕಡೆ ಹೋದ ಮೇಲೆ. “ಯಾಕೆ ಬಂದಿಲ್ಲ ಕಂತು?”

ತಾಮಾತಿ ಸಿಗರೇಟು ಆರಿಸಿ ನೆಲ ನೋಡುತ್ತ ಹೇಳಿದ. “ಪಿಂಚಣಿ ಬರೋ ಹಿಂದಿನ ದಿನ ಇವರು ಖಾತೆಗೆ ಕೈ ಹಾಕ್ತಾರೆ ಕಣವ್ವ. ಆವತ್ತು ಖಾತೇಲಿ ಏನಿರುತ್ತೆ? ಬ್ಯಾಂಕಿನವರು ದಂಡ ಹಾಕ್ತಾರೆ. ಇವರೂ ದಂಡ ಹಾಕ್ತಾರೆ. ಮಾರನೇ ದಿನ ಪಿಂಚಣಿ ಬಂದ್ರೆ ದಂಡಕ್ಕೇ ಹೋಗುತ್ತೆ. ಮುದುಕರದ್ದೆಲ್ಲ ಹಂಗೇ. ನಿಂಗೆ ಗೊತ್ತಿರಲಿಲ್ವಾ?”

ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂದರೆ ಯಾರು ನಂಬುತ್ತಾರೆ? ಆ ದಿನವನ್ನು ಬರೆದ ಕೈ ಅವಳದು.

ಲಾರಿ ಮೂಲೆ ಮನೆಯ ಮುಂದೆ ನಿಂತಿತು. ಗ್ರಾಂಟ್ ತನ್ನ ಕಾರಿನಲ್ಲಿ ಹಿಂದೆಯೇ ಬಂದ. ಬೀದಿಯಲ್ಲಿ ಬಿಸಿಲು ಕಾದಿತ್ತು. ವಿಮಾನವೊಂದು ಮನೆಗಳ ಮಾಡು ಸವರಿಕೊಂಡು ಹೋದ ಹಾಗೆ ಇಳಿಯಿತು. ಲೆಸಿಯೆಲಿ ಬಾಗಿಲು ತಟ್ಟಿದಳು. ಅತ್ತೆ ಚಿಲಕ ತೆಗೆದು ಹಿಂದಿರುಗಿ ಹೋಗಿ ಕುರ್ಚಿಯಲ್ಲಿ ಕೂತಳು. ಲೆಸಿಯೆಲಿ ಬಗ್ಗಿ ಒಳಗೆ ಹೋಗಿ ನೆಲದ ಚಾಪೆಯ ಮೇಲೆ ಕೂತಳು.

“ಯಾಕೆ ನೆಲ ನೋಡ್ತಿದೀಯ? ಯಾರಾದ್ರೂ ಸತ್ರಾ?”

“ಇಲ್ಲ ಅತ್ತೆ. ಫ್ರಿಜ್ಜು…”

ಹೊರಗೆ ಗ್ರಾಂಟ್ ಹಾರನ್ ಒತ್ತಿದ. ಅತ್ತೆಗೆ ಅರ್ಥವಾಯಿತು.

“ತಗೊಂಡು ಹೋಗೋಕೆ ಬಂದಿದೀಯ.”

“ಅವರು ಕಳಿಸಿದ್ದಾರೆ ಅತ್ತೆ.”

“ಅವರು ಕಳಿಸಿದ್ದಾರೆ. ಬಂದದ್ದು ಯಾರು?”

ಅತ್ತೆ ಕೋಲೂರಿ ಎದ್ದಳು. ಫ್ರಿಜ್ಜಿನ ಬಾಗಿಲು ತೆಗೆದಳು. ಕೆಸುವಿನ ಎಲೆಯಲ್ಲಿ ಕಟ್ಟಿದ ಮಾಂಸದ ಪೊಟ್ಟಣಗಳು, ಅರ್ಧ ಬ್ರೆಡ್ಡು, ಹಾಲು, ಇನ್ಸುಲಿನ್ ಡಬ್ಬಿ. ಒಂದೊಂದನ್ನೇ ತೆಗೆದು ಮೇಜಿನ ಮೇಲಿಟ್ಟಳು. ಇನ್ಸುಲಿನ್ ಡಬ್ಬಿಗೆ ಒದ್ದೆ ಟವೆಲ್ಲು ಸುತ್ತಿದಳು. ಆಮೇಲೆ ಬಟ್ಟೆ ಅದ್ದಿಕೊಂಡು ಒಳಗಿನ ಹಲಗೆಗಳನ್ನು ಒರೆಸತೊಡಗಿದಳು.

“ಬಿಡಿ ಅತ್ತೆ, ನಾನು ಒರೆಸ್ತೀನಿ.”

“ಮುಟ್ಟಬೇಡ.” ಅತ್ತೆ ತಿರುಗಿ ನೋಡಲಿಲ್ಲ. “ಟೊಂಗಾದವಳು ಕೊಳಕು ಫ್ರಿಜ್ಜು ವಾಪಸ್ ಕೊಟ್ಟಳು ಅಂತ ಆಡ್ಕೋಬಾರ್ದು ಅವರು.”

ಮೂಲೆಮೂಲೆಗೂ ಬೆರಳು ಹಾಕಿ ಒರೆಸಿದಳು. ಪಾದಕ್ಕೆ ಸುತ್ತಿದ ಬಟ್ಟೆ ಸಡಿಲಾಗಿ ನೆಲಕ್ಕೆ ಎಳೆಯುತ್ತಿತ್ತು. ಒರೆಸಿ ಮುಗಿಸಿ, ಬಟ್ಟೆ ಹಿಂಡಿ, ಹಿತ್ತಲಿನ ತಂತಿಗೆ ಹರವಿ ಬಂದು ಕುರ್ಚಿಯಲ್ಲಿ ಕೂತಳು. ಗೋಡೆ ನೋಡಿದಳು.

ತಾಮಾತಿ ಒಳಗೆ ಬಂದ. ಪಟ್ಟಿ ಬಿಗಿದರು. ಲೆಸಿಯೆಲಿ ಕೆಳಗಿನ ತುದಿಗೆ ನಿಂತಳು, ಭಾರ ಬೀಳುವುದು ಆ ಕಡೆಗೆ. ಎತ್ತಿದಾಗ ಸೊಂಟದಲ್ಲಿ ಕಾದ ಕಂಬಿ ಇಟ್ಟ ಹಾಗಾಯಿತು. ಬಾಗಿಲು ದಾಟಿದರು. ಮರದ ಮೆಟ್ಟಿಲು ಇಳಿದರು. ಫ್ರಿಜ್ಜು ವಾಲಿತು. ಒಳಗೆಲ್ಲೋ ಉಳಿದಿದ್ದ ಮಂಜಿನ ನೀರು ಆ ಸಂದಿನಿಂದ ಸುರಿದು ಅವಳ ಕತ್ತಿನ ಮೇಲೆ ಬಿತ್ತು. ಕುಪ್ಪಸದೊಳಗೆ ಇಳಿಯಿತು. ಕೈ ಬಿಡುವಂತಿಲ್ಲ, ಒರೆಸಿಕೊಳ್ಳುವಂತಿಲ್ಲ. ತಣ್ಣಗಿನ ನೀರು ಬೆನ್ನು ಇಳಿದು ಲಂಗದವರೆಗೆ ಹೋಯಿತು. ಬೀದಿಯ ಬಾಗಿಲುಗಳಲ್ಲೆಲ್ಲ ಹೆಂಗಸರು ನಿಂತಿದ್ದರು. ಫೆತೂ ಕೂಡ.

ಲಾರಿಯ ಹಿಂದೆ ಏರುಹಲಗೆ ಇಳಿಬಿಟ್ಟಿತ್ತು. ತಾಮಾತಿ ಅದರ ಮೇಲೆ ಹಿಂದಕ್ಕೆ ಕಾಲಿಟ್ಟ. ಲೆಸಿಯೆಲಿ ನಿಂತಳು. ಫ್ರಿಜ್ಜಿನ ತನ್ನ ತುದಿಯನ್ನು ಮೆಲ್ಲಗೆ ರಸ್ತೆಗೆ ಇಳಿಸಿದಳು.

“ಎತ್ತು ಲೆಸ್.”

“ಎತ್ತಲ್ಲ.”

“ಬೆನ್ನು ನೋವಾ? ಸ್ವಲ್ಪ ಕೂತ್ಕೋ. ಅವಸರ ಇಲ್ಲ.”

“ಬೆನ್ನು ನೋವಿದೆ. ಅದಕ್ಕಲ್ಲ. ಎತ್ತಲ್ಲ.”

ಗ್ರಾಂಟ್ ಹತ್ತಿರ ಬಂದ. ದನಿ ತಗ್ಗಿಸಿದ. “ನೋಡು, ಜನ ನೋಡ್ತಿದ್ದಾರೆ. ಇದು ನಿನ್ನ ಕೆಲಸ. ಎತ್ತದಿದ್ರೆ ಕೆಲಸ ಇಲ್ಲ.”

“ಸರಿ.”

“ನಿನ್ನ ಸಾಲ ಪೂರ್ತಿ ಒಂದೇ ಸಲ ಕಟ್ಟಬೇಕಾಗುತ್ತೆ.”

“ಪಿಂಚಣಿ ಬರೋ ಹಿಂದಿನ ದಿನ ಯಾಕೆ ಕೈ ಹಾಕ್ತೀರಿ?”

ಗ್ರಾಂಟ್‌ಗೆ ಮೊದಲು ತಿಳಿಯಲಿಲ್ಲ. “ಏನು?”

“ಅತ್ತೆ ಪಿಂಚಣಿ. ಬರೋ ಹಿಂದಿನ ದಿನಾನೇ ಯಾಕೆ ಹಿಡೀತೀರಿ? ಮಾರನೇ ದಿನ ಹಿಡಿದಿದ್ರೆ ಸಿಕ್ತಿತ್ತಲ್ಲ.”

“ಅದು ಕಂಪ್ಯೂಟರ್ ಮಾಡೋದು. ನನ್ನ ಕೈಲಿಲ್ಲ.”

“ಕಂಪ್ಯೂಟರಿಗೆ ದಿನ ಹೇಳಿದ್ದು ಯಾರು?”

ಗ್ರಾಂಟ್ ನಗುವುದನ್ನು ನಿಲ್ಲಿಸಿದ. ಅವನ ನಗದ ಮುಖವನ್ನು ಅವಳು ನೋಡಿದ್ದು ಅದೇ ಮೊದಲು. ಸಾಧಾರಣ ಮುಖ. ಸುಸ್ತಾದ ಮುಖ.

“ಕಾಗದ ಬರೆದದ್ದು ನೀನು,” ಎಂದ. “ಸಹಿ ಹಾಕಿಸಿದ್ದು ನೀನು. ಬೇಕಾದ್ರೆ ಎಲ್ರಿಗೂ ತೋರಿಸ್ಲಾ?”

ಲೆಸಿಯೆಲಿ ಹೆಗಲ ಪಟ್ಟಿ ತೆಗೆದು ನೆಲಕ್ಕೆ ಹಾಕಿದಳು. ಬಾಗಿಲುಗಳ ಕಡೆ ತಿರುಗಿದಳು. ಮೊದಲು ಟೊಂಗಾ ಮಾತಿನಲ್ಲಿ ಹೇಳಿದಳು. ಸಮೋವಾದವರಿಗೆ, ಉಳಿದವರಿಗೆ ತಿಳಿಯಲೆಂದು ಇಂಗ್ಲಿಷಿನಲ್ಲಿ ಮತ್ತೆ ಹೇಳಿದಳು.

“ನಾನೇ ಬರೆದದ್ದು. ನಿಮ್ಮೆಲ್ಲರ ಕಾಗದಾನೂ ನಾನೇ ಬರೆದದ್ದು. ಪಿಂಚಣಿ ಬರೋ ಹಿಂದಿನ ದಿನ ಹಿಡೀತಾರೆ. ಖಾತೆ ಖಾಲಿ ಇರಲಿ ಅಂತಾನೇ ಹಿಡೀತಾರೆ. ದಂಡ ಸಿಗಲಿ ಅಂತ. ಹೋಗಿ ನಿಮ್ಮ ನಿಮ್ಮ ಖಾತೆ ನೋಡ್ಕೊಳ್ಳಿ.”

ಯಾರೋ ಒಂದು ಕೆಟ್ಟ ಮಾತು ಅಂದರು. ಅದು ಗ್ರಾಂಟ್‌ಗೋ, ಅವಳಿಗೋ ತಿಳಿಯಲಿಲ್ಲ. ಫೆತೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮುಗಿಯಿತು ಅಂದುಕೊಂಡಳು ಲೆಸಿಯೆಲಿ. ಸ್ವಲ್ಪ ಹೊತ್ತಿಗೆ ಫೆತೂ ಕೆಟ್ಟುಹೋದ ಟಿವಿಯನ್ನು ಹೊಟ್ಟೆಗೆ ಅವಚಿಕೊಂಡು ಬಂದಳು. ತಂತಿ ರಸ್ತೆಯ ಮೇಲೆ ಬಾಲದ ಹಾಗೆ ಎಳೆಯುತ್ತಿತ್ತು. ತಂದು ಗ್ರಾಂಟ್‌ನ ಕಾಲ ಬಳಿ ಇಟ್ಟಳು.

“ಇದನ್ನೂ ತಗೊಂಡು ಹೋಗಪ್ಪ. ಬಂದ ತಿಂಗಳೇ ಕೆಟ್ಟದ್ದು. ಕಂತು ಮಾತ್ರ ಕೆಟ್ಟಿಲ್ಲ.”

“ಇದು ನನಗೆ ಬೇಡ.”

“ಕಂತು ತೀರೋವರೆಗೂ ಸಾಮಾನು ನಿಮ್ದೇ ಅಂತ ಅಂದಿದ್ರಿ. ನಿಮ್ಮ ಸಾಮಾನು ನಮ್ಮ ಮನೇಲಿ ಯಾಕೆ?”

ಆಮೇಲೆ ಒಬ್ಬೊಬ್ಬರಾಗಿ ಬಂದರು. ಹಿಡಿ ಮುರಿದ ಬಾಣಲೆ ಬಂತು. ಬಣ್ಣ ಬಿಟ್ಟ ಕಂಬಳಿಗಳು ಬಂದವು. ಅಟ್ಟೆ ಕಿತ್ತ ಶೂಗಳು, ಒಡೆದ ಫೋನುಗಳು, ಒಂದು ಕಾಲಿಲ್ಲದ ಮಂಚ. ಬಸುರಿ ಹೆಂಗಸೊಬ್ಬಳು ತೊಟ್ಟಿಲು ಹೊತ್ತು ತಂದಳು, ಒಂದು ಕ್ಷಣ ನಿಂತು ಯೋಚಿಸಿ ಅದನ್ನು ವಾಪಸ್ ಒಯ್ದಳು. ಲಾರಿಯ ಹಿಂದೆ ಗುಡ್ಡೆ ಬೆಳೆಯಿತು. ಗ್ರಾಂಟ್ ಬೇಡ, ಬೇಡ ಅನ್ನುತ್ತಲೇ ಇದ್ದ. ಅವನಿಗೆ ನಿಜಕ್ಕೂ ಬೇಕಾಗಿರಲಿಲ್ಲ. ಆ ಸಾಮಾನು ಯಾವತ್ತೂ ಯಾರಿಗೂ ಬೇಕಾಗಿರಲಿಲ್ಲ. ಫ್ರಿಜ್ಜನ್ನೂ ರಸ್ತೆಯಲ್ಲೇ ಬಿಟ್ಟು ಅವನು ಕಾರು ಹತ್ತಿದ. ತಾಮಾತಿ ಏರುಹಲಗೆ ಮೇಲೆತ್ತಿದ. ಹೋಗುವಾಗ ಲೆಸಿಯೆಲಿಯ ಹತ್ತಿರ ಒಂದು ಗಳಿಗೆ ನಿಂತ.

“ನಂಗೆ ಐದು ಮಕ್ಕಳು ಕಣವ್ವ,” ಎಂದ. ಅಷ್ಟೇ ಹೇಳಿ ಲಾರಿ ಹತ್ತಿದ.

ಹೆಂಗಸರು ಕೂಡಿ ಫ್ರಿಜ್ಜನ್ನು ಅತ್ತೆಯ ಮೆಟ್ಟಿಲವರೆಗೆ ನೂಕಿಕೊಂಡು ಬಂದರು. ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದಳು.

“ಬೇಡ. ಬೀದಿಯೆಲ್ಲ ನೋಡ್ತಿರುವಾಗ ಹೊರಗೆ ಹೋದದ್ದು ಒಳಗೆ ಬರೋದು ಬೇಡ.”

“ನಿಮ್ಮ ಔಷಧಿ ಅಜ್ಜಿ,” ಎಂದಳು ಫೆತೂ.

“ನಿನ್ನ ಮನೇಲಿ ಇಟ್ಕೋ. ದಿನಾ ಬಂದು ಚುಚ್ಚಿಸ್ಕೊಂಡು ಹೋಗ್ತೀನಿ.” ಆಮೇಲೆ ಅತ್ತೆ ಲೆಸಿಯೆಲಿಯನ್ನು ನೋಡಿದಳು. “ನೀನೂ ಒಳಗೆ ಬರಬೇಡ. ಇವತ್ತು ನಿನ್ನ ಮುಖ ನೋಡೋಕೆ ನನ್ನಿಂದ ಆಗಲ್ಲ.”

ಲೆಸಿಯೆಲಿ ಒದ್ದೆ ಕುಪ್ಪಸದಲ್ಲೇ ಮನೆಗೆ ನಡೆದು ಹೋದಳು.

ಗೆದ್ದೆವು ಎಂದು ಯಾರೂ ಅಂದುಕೊಳ್ಳಲಿಲ್ಲ, ಅಂದುಕೊಳ್ಳುವ ಹಾಗೂ ಇರಲಿಲ್ಲ. ಗುಡ್ಡೆಯ ಮೇಲೆ ಮಳೆ ಸುರಿಯಿತು. ನಗರಸಭೆಯವರು ಬಂದು, ರಸ್ತೆಯಲ್ಲಿ ಕಸ ಹಾಕಿದ್ದಕ್ಕೆ ಅಕ್ಕಪಕ್ಕದ ಮನೆಗಳಿಗೆ ದಂಡದ ಚೀಟಿ ಅಂಟಿಸಿ ಹೋದರು. ಫ್ರಿಜ್ಜನ್ನು ಯಾರೋ ಗುಜರಿಗೆ ಒಯ್ದರು. ಅದರ ಪೂರ್ತಿ ಬೆಲೆ ಕಟ್ಟು ಎಂದು ಅತ್ತೆಗೆ ಕಾಗದ ಬಂತು. ಕಡಿತ ನಿಲ್ಲಲಿಲ್ಲ. ಪಿಂಚಣಿಯ ಹಿಂದಿನ ದಿನ, ಖಾಲಿ ಖಾತೆಗೆ ಆ ಕೈ ಮತ್ತೆ ಬಂತು. ಲೆಸಿಯೆಲಿಗೆ ವಸೂಲಿಯವರು ಹೊತ್ತುಗೊತ್ತಿಲ್ಲದೆ ಫೋನು ಮಾಡತೊಡಗಿದರು. ಒಬ್ಬ ಅವಳ ಮಗಳ ಹತ್ತಿರ ಮಾತಾಡಿ, ನಿಮ್ಮಮ್ಮ ಕಳ್ಳಿಯಾ ಎಂದು ಕೇಳಿದ.

“ಇದ್ದ ಕೆಲಸಾನೂ ಬಿಟ್ಟೆಯಾ?” ಎಂದ ಮೊಸೆಸೆ ಆಸ್ಟ್ರೇಲಿಯಾದಿಂದ. “ನಿಂಗೇನು ತಲೆ ಕೆಟ್ಟಿದೆಯಾ?”

“ಕೆಟ್ಟಿದೆ,” ಎಂದು ಫೋನು ಇಟ್ಟಳು.

ಹಳದಿ ಲಾರಿ ನಮ್ಮ ಬೀದಿಗೆ ಬರಲಿಲ್ಲ. ಪಕ್ಕದ ಬೀದಿಗೆ ಬಂತು. ಮೆಟ್ಟಿಲ ಮೇಲೆ ನಿಯುವೆ ದ್ವೀಪದ ಹೊಸ ಹುಡುಗಿಯೊಬ್ಬಳು ನಿಂತು ತನ್ನ ಮಾತಿನಲ್ಲಿ ತನ್ನ ಜನರನ್ನು ಕರೆಯುತ್ತಿದ್ದಳು. ಚೆಂದದ ದನಿ. ಲೆಸಿಯೆಲಿ ದೂರದಲ್ಲಿ ನಿಂತು ಕೇಳಿದಳು. ಆ ಹುಡುಗಿಯ ಮೇಲೆ ಎಷ್ಟು ಸಾಲ ಇದೆಯೋ ಎಂದು ಯೋಚಿಸಿದಳು.

ಒಂದು ಭಾನುವಾರ ಚರ್ಚು ಬಿಟ್ಟ ಮೇಲೆ ಫೆತೂ ಬಂದು ಅವಳ ಮೆಟ್ಟಿಲ ಮೇಲೆ ಕೂತಳು.

“ನಿಮ್ಮತ್ತೆ ಕರೀತಿದ್ದಾರೆ. ಏನಂತ ಗೊತ್ತಿಲ್ಲ. ಹೊಡೆದ್ರೆ ಹೊಡೆಸ್ಕೋ.”

ಲೆಸಿಯೆಲಿ ಹೋದಳು. ಬಗ್ಗಿ ಒಳಗೆ ಹೋಗಿ ಚಾಪೆಯ ಮೇಲೆ ಕೂತಳು. ಅಡುಗೆಮನೆಯಲ್ಲಿ ಫ್ರಿಜ್ಜು ಇದ್ದ ಜಾಗದಲ್ಲಿ ಗೋಡೆಯ ಬಣ್ಣ ಬೇರೆಯಾಗಿತ್ತು. ಅತ್ತೆ ಬಿಚ್ಚಿಹೋದ ತನ್ನ ಪಾದದ ಬಟ್ಟೆಯನ್ನು ತೋರಿಸಿದಳು. ಲೆಸಿಯೆಲಿ ಹತ್ತಿರ ಸರಿದು ಹೊಸ ಬಟ್ಟೆ ಸುತ್ತಿದಳು.

“ಬಿಗಿಯಾಯ್ತಾ ಅತ್ತೆ?”

“ಇರಲಿ. ನಾಳೆ ನನ್ನ ಬ್ಯಾಂಕಿಗೆ ಕರ್ಕೊಂಡು ಹೋಗು. ನಂಗೆ ಅವರ ಮಾತು ತಿಳಿಯುತ್ತೆ. ಆದ್ರೆ ನಂದು ಅವರಿಗೆ ತಿಳಿಯಲ್ಲ.”

ಬೆಳಿಗ್ಗೆ ಇಬ್ಬರೂ ಬಸ್ಸಿಗೆ ಕಾದಾಗ ಫೆತೂ ಬಂದು ಪಕ್ಕದಲ್ಲಿ ನಿಂತಳು. ಬಸುರಿ ಹೆಂಗಸು ಬಂದಳು. ಇನ್ನೂ ಕೆಲವರು ಬಂದರು. ಯಾರೂ ಯಾರನ್ನೂ ಕರೆದಿರಲಿಲ್ಲ, ಬೀದಿಯಲ್ಲಿ ಸುದ್ದಿ ನಿಲ್ಲುವುದಿಲ್ಲ. ಬ್ಯಾಂಕಿನಲ್ಲಿ ಇವರನ್ನು ನೋಡಿ ಕಾವಲಿನವನು ಎದ್ದು ನಿಂತ. ಅತ್ತೆ ಅವನನ್ನು ನೋಡಲೇ ಇಲ್ಲ. ಕೋಲೂರಿಕೊಂಡು ನೇರ ಕೌಂಟರಿಗೆ ಹೋದಳು.

ಅಲ್ಲಿ ಫಿಜಿಯಿಂದ ಬಂದ, ಭಾರತ ಮೂಲದ ಹುಡುಗಿಯೊಬ್ಬಳು ಕೂತಿದ್ದಳು. ಮರ್ಯಾದೆಯಿಂದಲೇ ಮಾತಾಡಿದಳು.

“ಏನಾಗಬೇಕಿತ್ತು ಆಂಟಿ?”

ಅತ್ತೆ ತನ್ನ ಮಾತಿನಲ್ಲಿ ಹೇಳಿದಳು. ಲೆಸಿಯೆಲಿ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಳು. “ಲಾರಿಯವರು ಇವರ ಖಾತೆಗೆ ಕೈ ಹಾಕೋದು ಇವತ್ತಿಗೆ ನಿಲ್ಲಬೇಕು.”

ಹುಡುಗಿ ಕಂಪ್ಯೂಟರ್ ನೋಡಿದಳು. ದಂಡಗಳ ಸಾಲು ಕಂಡಿರಬೇಕು, ಹುಬ್ಬು ಗಂಟಿಕ್ಕಿದಳು. “ನಿಲ್ಲಿಸಬಹುದು. ಆದ್ರೆ ಒಂದು ಮಾತು ಹೇಳಬೇಕು. ಹೀಗೆ ನಿಲ್ಲಿಸಿದ್ರೆ ಕಂಪನಿಯವರು ಸಾಲ ಕಟ್ಟದವರ ಪಟ್ಟಿಗೆ ಇವರ ಹೆಸರು ಹಾಕ್ತಾರೆ. ಒಮ್ಮೆ ಅದರಲ್ಲಿ ಹೆಸರು ಬಂದ್ರೆ ಆಮೇಲೆ ಯಾರೂ ಇವರಿಗೆ ಸಾಲ ಕೊಡಲ್ಲ. ಕಂತಿನ ಮೇಲೆ ಏನೂ ಸಿಗಲ್ಲ. ಇವರಿಗೆ ಸರಿಯಾಗಿ ತಿಳಿಸಿ ಹೇಳಿ.”

ಲೆಸಿಯೆಲಿ ತಿಳಿಸಿ ಹೇಳಿದಳು. ಅತ್ತೆ ಕಿವಿಗೊಟ್ಟು ಕೇಳಿದಳು.

“ಇನ್ನೊಂದ್ಸಲ ಕೇಳು. ಯಾರೂ ಕೊಡಲ್ವಂತಾ?”

“ಯಾರೂ ಕೊಡಲ್ಲ ಅಂತೆ ಅತ್ತೆ.”

“ಲಾರಿಯವರೂ?”

“ಅವರೂ ಕೊಡೋ ಹಾಗಿಲ್ಲವಂತೆ.”

ಅತ್ತೆ ಕೌಂಟರಿನ ಮೇಲೆ ಎರಡೂ ಕೈ ಊರಿದಳು.

“ಹಾಗಂತ ಒಂದು ಕಾಗದದಲ್ಲಿ ಬರ್ಕೊಡೋಕೆ ಹೇಳು. ದೊಡ್ಡ ಅಕ್ಷರದಲ್ಲಿ. ನನ್ನ ಬಾಗಿಲಿಗೆ ಅಂಟಿಸ್ತೀನಿ.”

ಲೆಸಿಯೆಲಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಹಿಂದಿನಿಂದ ಫೆತೂ, “ನಂಗೂ ಒಂದು,” ಎಂದಳು. ಸಾಲಿನಲ್ಲಿ ನಿಂತವರು ನಕ್ಕರು. ಅತ್ತೆ ನಗಲಿಲ್ಲ. ಆ ಹುಡುಗಿ ಕಾಗದ ತೆಗೆದುಕೊಳ್ಳುವವರೆಗೂ ಅಲ್ಲಿಂದ ಕದಲಲಿಲ್ಲ.